ಹೊಗೆಯ ಜಿಗುಟು

ಕಾಲೇಜಿನ ಡೀಸೆಲ್ ಎಂಜಿನ್ ಕೆಟ್ಟದ್ದು ಸೋಮವಾರ. ವಿನೋದ ತನ್ನ ಕೊನೆಯ ಅಳತೆ ಕಳಿಸಬೇಕಾದದ್ದು ಮಂಗಳವಾರ. ಎಂಜಿನ್ನಿನ ಹೊಗೆಗೆ ಎಷ್ಟು ಸ್ನಿಗ್ಧತೆ, ಅಂದರೆ ಎಷ್ಟು ಜಿಗುಟು, ಎಂದು ಅಳೆಯುವುದರಲ್ಲೇ ಅವನ ಆರು ವರ್ಷ ಸವೆದಿತ್ತು. ಪ್ರತಿ ಸಲವೂ ಅಂಕಿ ತಪ್ಪೆಂದು ಗೈಡ್ ಶಿವರಂಜನಿ ಮೇಡಂ ವಾಪಸು ಕಳಿಸುತ್ತಿದ್ದರು. ಈ ಸಲ ಪಿಎಚ್‌ಡಿ ಆಗದಿದ್ದರೆ ಅತಿಥಿ ಉಪನ್ಯಾಸಕನ ಕೆಲಸವೂ ಹೋದಂತೆಯೇ.

ಶಿರಸಿಯ ಗ್ಯಾರೇಜಿನ ಅಬ್ದುಲ್ ರಜಾಕ್ ಸಾಹೇಬರು ತಮ್ಮ ಹಳೆಯ ಟೆಂಪೋ ಕೊಟ್ಟರು. ವಿನೋದ ಅದರ ಸೈಲೆನ್ಸರಿಗೆ ಉದ್ದನೆಯ ರಬ್ಬರ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಗ್ಯಾರೇಜಿನ ಒಳಕೋಣೆಯಲ್ಲಿಟ್ಟ ತನ್ನ ಅಳತೆ ಯಂತ್ರದ ಪಂಪಿಗೆ ಜೋಡಿಸಿದ. ಪಂಪು ಹೊಗೆಯನ್ನೆಳೆದು ಕೂದಲಷ್ಟು ಸಣ್ಣ ಗಾಜಿನ ನಳಿಕೆಯೊಳಗೆ ನೂಕುತ್ತದೆ. ಅದು ಹಾಯುವ ವೇಗವನ್ನು ಯಂತ್ರ ತಾನೇ ಬರೆದುಕೊಳ್ಳುತ್ತದೆ.

"ಹೊಗೆ ಅಂಟ್ತದ ಸರ್?" ಪಕ್ಕದ ಚಾ ಅಂಗಡಿಯ ದುರ್ಗಮ್ಮ ಕೇಳಿದಳು.

"ಸ್ವಲ್ಪ."

"ನಮ್ಮ ಒಲೆ ಹೊಗೆ ಮೂವತ್ತು ವರ್ಷದಿಂದ ಅಂಟ್ಕಂಡೇ ಅದೆ. ಯಾರೂ ಅಳತೆ ಮಾಡ್ಲಿಲ್ಲ."

ಯಂತ್ರ ಕಂಡ ಎದುರಿನ ಟೆಂಪೋ ಸ್ಟ್ಯಾಂಡಿನ ಡ್ರೈವರ್ ಅತೀಕ್, ಹೊಗೆ ತಪಾಸಣೆಯವರು ಬಂದಿದ್ದಾರೆಂದು ಉಳಿದ ಡ್ರೈವರುಗಳಿಗೆ ಫೋನಾಯಿಸಿಬಿಟ್ಟ. ಕಲ್ಲು ಬಿದ್ದ ಕಾಗೆ ಹಿಂಡಿನಂತೆ ಸ್ಟ್ಯಾಂಡಿನ ಗಾಡಿಗಳೆಲ್ಲ ಚದುರಿದವು. ಅನಾನಸು ಚೀಲಗಳನ್ನಿಟ್ಟುಕೊಂಡು ಬಾಡಿಗೆ ಗಾಡಿಗೆ ಕಾದಿದ್ದ ದಾಸನಕೊಪ್ಪದ ಹೊನ್ನ ನೇರ ಒಳಗೆ ಬಂದ.

"ಗಾಡಿಗಳ್ನೆಲ್ಲ ಹೆದರಿಸಿ ಓಡಿಸಿದೋರು ನೀವು. ನನ್ನ ಅನಾನಸು ನೀವೇ ಹೊತ್ಕಂಡ್ ಬರ್ರಿ."

ಸುತ್ತ ಸೇರಿದವರೆಲ್ಲ ಅದೇ ನ್ಯಾಯ ಎಂದರು. ವಿನೋದ ಹನ್ನೊಂದು ಚೀಲ ಮಾರ್ಕೆಟ್ಟಿಗೆ ಹೊತ್ತ. ಗ್ಯಾರೇಜಿನ ಹಿಂಬಾಗಿಲಿಂದ ಮರಳಿ ಬರುವಾಗ ಅವನ ಹೆಗಲು ತುರಿಮಣೆಗೆ ಕೊಟ್ಟ ತೆಂಗಿನಕಾಯಿಯಾಗಿತ್ತು. ಆದರೆ ಯಂತ್ರದ ಅಂಕಿಗಳು ಹಿಂದೆಂದೂ ಇಲ್ಲದಷ್ಟು ಸ್ಥಿರವಾಗಿದ್ದವು. ಕೂಡಲೇ ಕಳಿಸಿದ.

ಹತ್ತೇ ನಿಮಿಷದಲ್ಲಿ ಮೇಡಂ ಫೋನ್ ಮಾಡಿದರು. "ಅಂತೂ ಸರಿಯಾಗಿ ಅಳೆದ್ರಿ ವಿನೋದ. ನನ್ನ ಹಳೇ ಅಂಕಿಗೆ ಸರಿಯಾಗಿ ಕೂತಿದೆ."

ಖುಷಿಯಿಂದ ಹೊರಗೆ ಬಂದು ನೋಡಿದರೆ, ಸೈಲೆನ್ಸರಿನಲ್ಲಿರಬೇಕಾದ ಪೈಪಿನ ತುದಿ ದುರ್ಗಮ್ಮನ ಕಟ್ಟೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಪೈಪು ಸೋರಿ ಹಾಲೆಲ್ಲ ಹೊಗೆ ವಾಸನೆ ಬಂತು. ನೀವು ಆ ಕಡೆ ಹೋದ ಕೂಡ್ಲೆ ಕಿತ್ತಿಟ್ಟೆ ಸರ್. ಪಂಪು ಮುಟ್ಲಿಲ್ಲ."

ಇಡೀ ದಿನ ಅಳೆದದ್ದು ಬರಿಯ ಗಾಳಿ. ಮುಚ್ಚಿಡಲು ಮನಸ್ಸಾಗದೆ ವಿನೋದ ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಮೇಡಂ ದನಿ ತಗ್ಗಿಸಿದರು.

"ಬೇರೆ ಯಾರಿಗಾದರೂ ಹೇಳಿದಿರಾ?"

"ಇಲ್ಲ ಮೇಡಂ."

"ಹೇಳಬೇಡಿ. ಹದಿನೆಂಟು ವರ್ಷದ ಹಿಂದೆ ಹೊಗೆಯದು ಅಂತ ನನಗೆ ಪಿಎಚ್‌ಡಿ ಕೊಡಿಸಿದ್ದೂ ಇದೇ ಅಂಕಿ." ಅವರೇ ಮುಂದುವರಿಸಿದರು, "ಈ ಹೊಗೆ ವಿಷಯ ಬಿಡಿ. ಹೊಸದೊಂದು ತಗೊಂಡು ಮೊದಲಿಂದ ಶುರು ಮಾಡಿ."

ಟೆಂಪೋ ಇನ್ನೂ ಹೊಗೆ ಉಗುಳುತ್ತಲೇ ಇತ್ತು. ವಿನೋದ ಹೋಗಿ ಎಂಜಿನ್ ನಿಲ್ಲಿಸಿದ.