ಜನರಲ್ ಸಾಹೇಬರ ಫೋನಿಗೆ ಕರೆಂಟು

ಮಂತ್ರಿಗಳ ಕಾರ್ಯದರ್ಶಿ ಬೆಂಗಳೂರಿನಿಂದ ಫೋನ್ ಮಾಡಿದ್ದೇ ಎಲ್ಲಕ್ಕೂ ಮೂಲ.

"ಇಂಧನ ನೀತಿ ಸಮಿತಿಗೆ ನೀವೇ ಅಧ್ಯಕ್ಷರು ಸಾರ್. ಬೇಡ ಅನ್ನೋದಾದ್ರೆ ಇವತ್ತು ಐದು ಗಂಟೆಯೊಳಗೆ ತಿಳಿಸಿ. ಆಮೇಲೆ ಪತ್ರಿಕೆಯವರಿಗೆ ಹೆಸರು ಕೊಟ್ಬಿಡ್ತೀವಿ."

ಬಾಳಾಸಾಹೇಬರು "ಬೇ..." ಎನ್ನುವಷ್ಟರಲ್ಲಿ ಫೋನು ಕುಂಯ್ ಎಂದು ಸತ್ತಿತು.

ಮೇಜರ್ ಜನರಲ್ ಆಗಿ ನಿವೃತ್ತಿಯಾಗಿ ಮುಧೋಳಕ್ಕೆ ಮರಳಿದವರಿಗೆ ಬೇಕಾಗಿದ್ದದ್ದು ಒಂದೇ, ಊಟವಾದ ಮೇಲೆ ಫ್ಯಾನಿನ ಕೆಳಗೆ ಒಂದು ನಿದ್ದೆ. ಸೈನ್ಯದಲ್ಲಿದ್ದಾಗ ಹಿಮದ ತುದಿಯ ಠಾಣೆಗಳಿಗೆ ಡೀಸೆಲ್ ಮುಟ್ಟಿಸಿದವರೆಂದು ಸರಕಾರಕ್ಕೆ ಅವರ ನೆನಪಾಗಿತ್ತು. ಹಾಗೆ ಮುಟ್ಟಿಸಿ ಮುಟ್ಟಿಸಿ ಅವರದೇ ಟಾಕಿ ಖಾಲಿಯಾದದ್ದು ಸರಕಾರಕ್ಕೆ ಹೇಗೆ ಗೊತ್ತಾಗಬೇಕು?

ಫೋನನ್ನು ಚಾರ್ಜಿಗೆ ಹಚ್ಚಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಹೆಂಡತಿ ಶಂಕ್ರೆವ್ವ ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದರು.

ಲೈನ್‌ಮನ್ ಮುರಗೆಪ್ಪ ಓಡಿ ಬಂದ. "ಬಾಯಾರ, ಇನ್ನ ನಿಮ್ಮ ಓಣ್ಯಾಗ ಕರೆಂಟ್ ತಗಿಯೂ ಮಾತ ಇಲ್ರಿ."

ಊರಿನ ಉಳಿದ ಕಡೆ ಕರೆಂಟ್ ಹೋಗುವ ಹೊತ್ತದು. ಹಿಟ್ಟಿನ ಗಿರಣಿಯ ಲಗಮಣ್ಣ ಹಿಂದಿನ ಓಣಿಯಿಂದ ವೈರು ಎಳೆದು ತಂದ. ಅದರ ಹಿಂದೆ ಎರಡು ನೀರಿನ ಮೋಟಾರು ಬಂದವು. ಪಡಸಾಲೆಯ ಬೋರ್ಡಿಗೆ ಊರ ಫೋನುಗಳು ತಾಯಿಯ ಮೊಲೆಗೆ ಬಿದ್ದ ನಾಯಿಮರಿಗಳಂತೆ ಜೋತುಬಿದ್ದವು.

ಗದ್ದಲಕ್ಕೆ ಎಚ್ಚರಾಗಿ ನೋಡಿದರೆ ಸಾಹೇಬರ ಫೋನು ಗೋಡೆಯ ಮಾಡದಲ್ಲಿ ತಣ್ಣಗೆ ಕೂತಿದೆ.

"ಇದನ್ಯಾರು ತಗದವರು?"

"ನಾನ ತಗದೇನ್ರಿ ಕಾಕಾ," ಎಂದಳು ಪಕ್ಕದ ಮನೆಯ ಬನಶಂಕರಿ. "ನಿಮ್ಮ ಮನಿ ಕರೆಂಟ್ ಎಲ್ಲಿ ಓಡಿ ಹೋಗತೈತಿ? ನೀವು ಯಾವಾಗರ ಹಚ್ಕೋಬಹುದು."

ಅವರು ಬೋರ್ಡಿಗೆ ಕೈ ಹಾಕುವುದಕ್ಕೂ ಓಣಿಯ ಮೂಲೆಯ ಟ್ರಾನ್ಸ್‌ಫಾರ್ಮರು, ಊರವರ ಬಾಯಲ್ಲಿ ಟಿ.ಸಿ., ಢಮ್ ಎನ್ನುವುದಕ್ಕೂ ಸರಿಹೋಯಿತು. ಫ್ಯಾನು ಮುದುಕನಂತೆ ನಿಧಾನಕ್ಕೆ ತಿರುಗಿ ನಿಂತಿತು.

"ಸುಡಲಿ ಬಿಡ್ರಿ ಸಾಹೇಬ್ರ," ಎಂದ ಲಗಮಣ್ಣ. "ಹೊಸಾ ಟಿ.ಸಿ. ಕೊಡಾವ್ರು ಈಗ ನೀವ ಅಲ್ಲೇನ್ರಿ?"

"ನಾ ಕೊಡಾವಲ್ಲೋ! ಬ್ಯಾಡ ಅನ್ನಾಕ ಫೋನ್ ಬೇಕು. ನಂಬರ್ ಅದರಾಗ ಐತಿ."

"ಹಂಗಾರ ಸಕ್ಕರಿ ಫ್ಯಾಕ್ಟರಿಗೆ ನಡೀರಿ. ಅವರದು ಸ್ವಂತ ಕರೆಂಟ್. ಕಬ್ಬಿನ ಸಿಪ್ಪಿ ಸುಟ್ಟು ಮಾಡ್ತಾರ."

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಯುದ್ಧಭೂಮಿಯಲ್ಲೂ ಬಗ್ಗದ ಸಾಹೇಬರು ಲಗಮಣ್ಣನ ಬೈಕಿನ ಮೇಲೆ ಕಬ್ಬಿನ ಗರಿ ಮುಖಕ್ಕೆ ಹೊಡೆದಾಗಲೆಲ್ಲ ಬಗ್ಗಿದರು. ಫ್ಯಾಕ್ಟರಿ ಗೇಟಿನಲ್ಲಿ ಮಾಜಿ ಸೈನಿಕ ಅಮಸಿದ್ದಪ್ಪ ಹೊಡೆದ ಸೆಲ್ಯೂಟ್ ಇಳಿಯುವ ಲಕ್ಷಣವೇ ಕಾಣಲಿಲ್ಲ.

"ಕೈ ಇಳಸಪಾ, ಮೊದಲ ಫೋನಿಗೆ ಚಾರ್ಜರ್ ಪಿನ್ ಹಚ್ಚು!"

ಐದಕ್ಕೆ ಇನ್ನೂ ಚೂರು ಹೊತ್ತಿತ್ತು. ಪಿನ್ ಹಚ್ಚಿದಂತೆಯೇ ಸಾಹೇಬರು ಫೋನ್ ಕಿವಿಗಿಟ್ಟರು. ಕಾರ್ಯದರ್ಶಿ ಹಲೋ ಎಂದದ್ದೇ ತಡ, ಒಂದೇ ಉಸಿರಿಗೆ ಹೇಳಿದರು:

"ನನಗ ಬ್ಯಾಡ್ರಿ ಇದು. ನನಗ ಕರೆಂಟಿನ ಗಂಧ ಇಲ್ಲ. ಒಂದು ಓಣಿ ಬೆಳಗಬೇಕಂದ್ರ ನಾಕು ಓಣಿ ಕತ್ತಲಾಗತೈತಿ. ಒಂದ ಟಿ.ಸಿ. ಮ್ಯಾಲೆ ಊರ ಬಿದ್ದು ಅದೂ ಸುಟ್ಟಿತು. ಕಡೀಕ ಕಬ್ಬಿನ ಸಿಪ್ಪಿ ಕರೆಂಟಿನ್ಯಾಗ ನಿಂತು ಮಾತಾಡಾಕತ್ತೇನಿ. ತಿಳಿದವರಿಗೆ ಕೊಡ್ರಿ!"

ಆ ಕಡೆಯಿಂದ ಚಪ್ಪಾಳೆ ಕೇಳಿಸಿತು.

"ಸಾರ್, ಸ್ಪೀಕರ್ ಹಾಕಿದ್ದೆ. ಪತ್ರಿಕೆಯವರೆಲ್ಲ ಇಲ್ಲೇ ಇದ್ದಾರೆ. ಇದುವರೆಗಿನ ಅಧ್ಯಕ್ಷರು ಯಾರೂ ಕಾರಿನಿಂದ ಕೆಳಗಿಳಿದವರಲ್ಲ. ನೀವು ಹುದ್ದೆ ಒಪ್ಪೋ ಮೊದಲೇ ತಿರುಗಾಡಿ ನೋಡಿ ಬಂದಿದ್ದೀರಲ್ಲ! ಮಂತ್ರಿಗಳಂತೂ ಖುಷಿಯಾಗ್ಬಿಟ್ಟಿದ್ದಾರೆ."

"ಏ, ನಾ ಬ್ಯಾಡ ಅಂದ್ನಲ್ರೀ!"

"ಆ ವಿನಯವನ್ನೂ ಬರ್ಕೊಂಡ್ರು ಸಾರ್."

ಸಾಹೇಬರು ದಣಿದ ಎದೆಯಲ್ಲಿ ಉಳಿದಿದ್ದ ಅಷ್ಟೂ ಗಾಳಿ ಕೂಡಿಸಿ, ಪರೇಡಿನ ದನಿಯಲ್ಲಿ "ಬೇ..." ಎಂದರು.

ಫೋನು ಕುಂಯ್ ಎಂದಿತು.

ತಿರುಗಿ ನೋಡಿದರೆ ಅಮಸಿದ್ದಪ್ಪ ಅವರ ಪಿನ್ ಕಿತ್ತು ತನ್ನ ಫೋನು ಹಚ್ಚುತ್ತಿದ್ದ.

"ಎಲ್ಲಾ ಕೇಳಿಸ್ಕೊಂಡೆ ಸಾಹೇಬ್ರ," ಎಂದು ಹಲ್ಲು ಕಿರಿದ. "ನಿಮಗಿನ್ನ ಕರೆಂಟಿಗೇನ್ರಿ ಕಡಿಮಿ?"