ಭಾವ ವಾಸಿ ಮಾಡಿದ ಫ್ಲಾಪಿ

“ನಾ ಪಾಸು ಮಾಡದ ಸ್ಕ್ರೂ ಆಕಾಶ ನೋಡಿಲ್ಲ” ಎಂಬುದು ವೈಜನಾಥರಾಯರ ನಿತ್ಯದ ಮಾತು. ಬಾಲಾನಗರದ ವಿಮಾನ ಉಪಕರಣಗಳ ಕಾರ್ಖಾನೆಯಲ್ಲಿ ಅವರು ತಪಾಸಣಾ ಅಧಿಕಾರಿ. ಮನೆಯಲ್ಲೂ ಅದೇ ಹುದ್ದೆ. ವಾರೆಯಾಗಿ ತೂಗುವ ಕ್ಯಾಲೆಂಡರು, ಅಂಚು ದಪ್ಪಗಾದ ರೊಟ್ಟಿ, ಯಾವುದೂ ಅವರ ಕಣ್ಣು ತಪ್ಪಿಸಿ ಪಾರಾಗಿದ್ದಿಲ್ಲ. ಅಂಥವರ ಮನೆಗೆ ಹೆಂಡತಿಯ ತಮ್ಮ ನರಹರಿ ಒಂದು ಫ್ಲಾಪಿ ಹಿಡಿದುಕೊಂಡು ಬಂದ.

ಗುಲ್ಬರ್ಗಾದಲ್ಲಿ ಅವನದು ಕಂಪ್ಯೂಟರ್ ಜಾತಕದ ಅಂಗಡಿ. ಅಂಗಡಿಯ ಜೀವವೆಲ್ಲ ಜಾತಕದ ಪ್ರೋಗ್ರಾಂ ಇದ್ದ ಆ ಒಂದು ಫ್ಲಾಪಿಯಲ್ಲಿ. ಅಲ್ಲೇ ಹತ್ತಿರದ ಬೇಗಂಪೇಟೆಗೆ ರಿಪೇರಿಗೆ ಕಳಿಸಿದ್ದ ಕಂಪ್ಯೂಟರನ್ನು ಬಿಡಿಸಿಕೊಂಡು ಸಂಜೆಯ ರೈಲು ಹಿಡಿಯಬೇಕಿತ್ತು. ನಾಳೆ ಬೆಳಿಗ್ಗೆ ಲಗ್ನದ ಮಂದಿ ಅಂಗಡಿಯ ಬಾಗಿಲಲ್ಲಿ ಕಾದಿರುತ್ತಾರೆ.

“ಇದರದು ಇನ್ನೊಂದು ಕಾಪಿ ಇಟ್ಟಿಲ್ಲೇನು? ಎಂಥಾ ಬೇಜವಾಬ್ದಾರಿ!” ಎಂದರು ರಾಯರು.

“ಕಾಪಿ ಆಗೂದಿಲ್ರಿ ಭಾವಾರ. ಮಾರಿದ ಕಂಪನಿಯವರು ಹಂಗೇ ಮಾಡ್ಯಾರ.”

“ಆಗೂದಿಲ್ಲಂದ್ರ? ನೀ ಬೇಗಂಪೇಟಿಗೆ ಹೋಗಿ ಬಾ. ಬರೂದ್ರಾಗ ಕಾಪಿ ತಯಾರಿರ್ತೈತಿ!”

ರಾಯರ ಹೆಂಡತಿ ಸುಹಾಸಿನಿ ಅಡುಗೆಮನೆಯಿಂದ ಇಣುಕಿದಳು. “ಅದನ್ನ ಮುಟ್ಟಬ್ಯಾಡ್ರಿ. ಅವನ ಹೊಟ್ಟಿಪಾಡು ಅದು.”

“ನಾನೇನು ಅದನ್ನ ತಿಂತೀನೇನು?”

ನರಹರಿ ಅತ್ತ ಹೋದದ್ದೇ ತಡ, ರಾಯರು ಮನೆಯ ಕಂಪ್ಯೂಟರಿನ ಮುಂದೆ ದಂಡನಾಯಕರಂತೆ ಆಸೀನರಾದರು. ಕಾಪಿ ಸರಾಗವಾಗಿ ಸಾಗಿತು. ಒಂದು ಜಾಗಕ್ಕೆ ಬಂದಾಗ ಡ್ರೈವು ಕರ್ರ್ ಕರ್ರ್ ಎಂದು ನರಳಿತು. ಇಲ್ಲಿ ಕೆಟ್ಟಿದೆ, ಓದಲು ಬರುವುದಿಲ್ಲ ಎಂದಿತು ಪರದೆ. ಆ ಜಾಗವನ್ನು ಬಿಟ್ಟು ಉಳಿದದ್ದೆಲ್ಲ ಕಾಪಿಯಾಯಿತು. ಆದರೆ ಕಾಪಿಯನ್ನು ಓಡಿಸಿದರೆ ಬಂದದ್ದು ಒಂದೇ ಸಾಲು: ‘ಅಸಲು ಫ್ಲಾಪಿ ಹಾಕಿ.’

ರಾಯರ ಮುಖ ಅರಳಿತು. ದೋಷ ಸಿಕ್ಕಿತಲ್ಲ!

“ಸುಹಾಸಿನಿ, ಕೆಟ್ಟ ಮಾಲು ಮಾರ್ಯಾರ ನೋಡು! ತಪಾಸಣಿ ಮಾಡವ್ರು ಆ ಕಂಪನ್ಯಾಗ ಯಾರೂ ಇಲ್ಲೇನು?”

ಫ್ಲಾಪಿಯ ಮೇಲೆ ಯಾರೂ ಏನೂ ಬರೆಯದಿರಲೆಂದು ಅದರ ಅಂಚಿಗೆ ಒಂದು ಪಟ್ಟಿ ಅಂಟಿಸಿದ್ದರು. ರಾಯರು ಅದನ್ನು ಉಗುರಿನಿಂದ ಕಿತ್ತರು. ದುರಸ್ತಿಯ ಪ್ರೋಗ್ರಾಂ ಹಾಕಿ ಆ ಕೆಟ್ಟ ಜಾಗವನ್ನು ಅಳಿಸಿ ಹೊಸದಾಗಿ ಬರೆಸಿದರು. ಮತ್ತೆ ಪರೀಕ್ಷಿಸಿದರು. ಅಂಚಿನಿಂದ ನಡುವಿನವರೆಗೆ ಒಂದೇ ಒಂದು ದೋಷವಿಲ್ಲ! ಡ್ರೈವು ಬೆಣ್ಣೆಯ ಮೇಲೆ ಜಾರಿದಂತೆ ಓಡಿತು.

“ನಿನ್ನ ಫ್ಲಾಪಿಗೆ ರೋಗ ಇತ್ತು, ವಾಸಿ ಮಾಡೀನಿ” ಎಂದು ನರಹರಿಯನ್ನು ಬಾಗಿಲಲ್ಲೇ ಸ್ವಾಗತಿಸಿದರು. ಅವನು ಗಾಬರಿಯಿಂದ ಫ್ಲಾಪಿಯನ್ನು ಡ್ರೈವಿಗೆ ತುರುಕಿದ. ‘ಅಸಲು ಫ್ಲಾಪಿ ಹಾಕಿ.’

“ಏ, ಅಸಲು ಇದೇ ಐತಿ!” ಎಂದು ರಾಯರು ಪರದೆಯನ್ನೇ ಗದರಿದರು.

ನರಹರಿ ತಲೆಯ ಮೇಲೆ ಕೈ ಹೊತ್ತು ಕೂತ. “ಭಾವಾರ, ಆ ಜಾಗ ಕಂಪನಿಯವರು ಬೇಕಂತ ಕೆಡಿಸ್ಯಾರ್ರಿ! ಶುರುವಿಗೇ ಪ್ರೋಗ್ರಾಂ ಅಲ್ಲಿ ಹೋಗಿ ನೋಡ್ತೈತಿ. ಓದಾಕ ಬರಲಿಲ್ಲಂದ್ರ ಅಸಲು, ಛಲೋ ಓದಾಕ ಬಂತಂದ್ರ ನಕಲು. ಹಂಗ ಕೆಡಸೂದು ನಮ್ಮ ಡ್ರೈವಿಗೆ ಬರೂದಿಲ್ಲ.”

“ಕಾರ್ಖಾನ್ಯಾಗ ಕೂತು, ಪಗಾರ ತಗೊಂಡು, ಬೇಕಂತ ದೋಷ ಮಾಡ್ತಾರ?” ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ರಾಯರು ಇಂಥ ಅಧರ್ಮವನ್ನು ಕೇಳಿರಲಿಲ್ಲ.

“ನಾಳೆ ಅಂಗಡಿ ಹೆಂಗ ತೆಗೀಲಿ? ಬೇಗಂಪೇಟ್ಯಾಗ ಕಂಪನಿ ಏಜೆಂಟ ಇದ್ದಾನ, ಕೆಟ್ಟ ಫ್ಲಾಪಿ ಕೊಟ್ರ ಕೂಡ್ಲೇ ಹೊಸಾದು ಕೊಡ್ತಾನ. ಆದ್ರ ಮೊದಲು ಮಷೀನಿಗೆ ಹಾಕಿ ನೋಡ್ತಾನ್ರಿ. ಇದು ಒಂಚೂರೂ ಕೆಟ್ಟಿಲ್ಲ! ನಕಲಿ ತಂದೀ ಅಂತ ನನ್ನ ಮ್ಯಾಲೇ ಬರ್ತಾನ.”

ಒಂದಾದರೂ ದೋಷ ಸಿಕ್ಕೀತೇ ಎಂದು ರಾಯರು ಫ್ಲಾಪಿಯನ್ನು ಡ್ರೈವಿನಿಂದ ತೆಗೆದು ತಿರುಗಿಸಿ ತಿರುಗಿಸಿ ನೋಡಿದರು.

ಸುಹಾಸಿನಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. “ಅಷ್ಟಕ್ಕ ಯಾಕ ತಲಿ ಮ್ಯಾಲೆ ಕೈ ಹೊತ್ತು ಕುಂತೀಯೋ ನರಹರಿ? ನಿಮ್ಮ ಭಾವಾರ ಕೈಯಾಗ ಕೊಡು, ಇನ್ನೊಮ್ಮೆ ರಿಪೇರಿ ಮಾಡ್ಲಿ.”

ರಾಯರು ಕೂತು, ಈ ಸಲ ಅಂಚಿನಿಂದ ನಡುವಿನವರೆಗೆ ಅಯಸ್ಕಾಂತ ಉಜ್ಜಿ ರಿಪೇರಿ ಮಾಡಿದರು. ಇಷ್ಟು ಪರಿಪೂರ್ಣವಾಗಿ ಕೆಟ್ಟ ಫ್ಲಾಪಿಯನ್ನು ತಾನು ಈವರೆಗೆ ನೋಡಿಲ್ಲವೆಂದು ಏಜೆಂಟನು ಮರುಮಾತಿಲ್ಲದೆ ಹೊಸದನ್ನು ಕೊಟ್ಟನಂತೆ.