ನವಜಾತ ಶಿಶುವಿನ ಎದೆಯಲ್ಲಿ ಅನುಮತಿಯಿಲ್ಲದೆ ತಂಗಿದ ಗಾಳಿಯ ಕುರಿತು

ಉಸಿರು ವರ್ಗೀಕರಣ ಹಾಗೂ ಚಿಕಿತ್ಸಾ ಅನುಮತಿ ವಿಭಾಗ
ಗೊರಗುಂಟೆಪಾಳ್ಯ, ಬೆಂಗಳೂರು

ಸಂಖ್ಯೆ: ಉವಿ/ಗಾಳಿ/ಶಿಶು/04/2025-26

ವಿಷಯ: ಶಿಶುಗಳ ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಗಾಳಿಗೆ ಕಾಯಿಲೆಯ ಕೋಡ್ ನಮೂದಿಸುವ ಬಗ್ಗೆ.

ಉಲ್ಲೇಖ: 1. ಯಲಹಂಕದ ಆಸ್ಪತ್ರೆಯೊಂದರ ಕಡತ, ‘ಬೇಬಿ ಆಫ್ ನಂದಿತಾ’, ವಯಸ್ಸು ಎರಡು ದಿನ.
2. ಸದರಿ ಶಿಶುವಿನ ಅಜ್ಜಿ, ಜಾಲಹಳ್ಳಿಯ ಶ್ರೀಮತಿ ಅಕ್ಕಯ್ಯಮ್ಮನವರು ನಮ್ಮ ಮೂರನೇ ಕೌಂಟರಿನಲ್ಲಿ ಆಡಿದ ಮಾತು.

ಶಿಶುವಿನ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡಿರುವುದು ಸೋಮವಾರದ ಎಕ್ಸ್-ರೇಯಲ್ಲಿ ಕಂಡುಬಂದಿದ್ದು, ಅದು ಸೋರಿ ಎದೆಯನ್ನು ಒತ್ತಿದಲ್ಲಿ ಸೂಜಿ ಹಾಕಿ ತೆಗೆಯಲು ಅನುಮತಿ ಕೋರಲಾಗಿತ್ತು. ಆಸ್ಪತ್ರೆಯ ಕೋಡಿಂಗ್ ಗುಮಾಸ್ತರಾದ ಶ್ರೀ ಸುಬ್ರಮಣಿಯವರು ಶಿಶುವಿನ ಕೋಡ್ ಬದಲಿಗೆ ಬೀಡಿ ಸೇದಿ ಶ್ವಾಸಕೋಶ ಕೆಡಿಸಿಕೊಂಡ ಹಿರಿಯರ ಕೋಡ್ ನಮೂದಿಸಿದ್ದರಿಂದ, ಧೂಮಪಾನದ ವಿವರ ಕೇಳಿ ಕಡತವನ್ನು ಹಿಂದಿರುಗಿಸಲಾಯಿತು. ಆದ್ದರಿಂದ ಎಲ್ಲರ ಗಮನಕ್ಕೆ:

1. ಧೂಮಪಾನದ ಅಂಕಣವನ್ನು ಖಾಲಿ ಬಿಡುವಂತಿಲ್ಲ. ಈಗ ಸೇದುತ್ತಿಲ್ಲವಾದರೆ, ಯಾವಾಗ ಬಿಟ್ಟಿತೆಂಬುದನ್ನು ಶಿಶುವೇ ಸ್ವಹಸ್ತದಿಂದ ಬರೆದುಕೊಡತಕ್ಕದ್ದು.

2. “ಅದಿನ್ನೂ ಉಸ್ರಾಡಾದ್ನೇ ಕಲೀತಾ ಐತೆ ಕಣಪ್ಪಾ, ಬೀಡಿ ಎಲ್ಲಿಂದ ಸೇದ್ತದೆ? ನೀನೇನಾರಾ ಅಂಟಿಸ್ಕೊಟ್ಟಿದ್ಯಾ?” ಎಂಬ ಶ್ರೀಮತಿ ಅಕ್ಕಯ್ಯಮ್ಮನವರ ಹೇಳಿಕೆಯನ್ನು ಉತ್ತರವೆಂದು ಪರಿಗಣಿಸಲು ಅವಕಾಶವಿರುವುದಿಲ್ಲ. ಇದಕ್ಕೆ ನಕ್ಕ ಇಬ್ಬರು ಸಿಬ್ಬಂದಿಯಿಂದ ಲಿಖಿತ ಸಮಜಾಯಿಷಿ ಕೇಳಲಾಗಿದೆ.

3. ‘ಬೇಬಿ ಆಫ್’ ಎಂಬುದು ಹೆಸರಲ್ಲ. ಹನ್ನೊಂದು ದಿನ ತುಂಬದೆ ಹೆಸರಿಡುವುದಿಲ್ಲವೆಂಬ ಮನೆಯವರ ಪದ್ಧತಿಯನ್ನು ವಿಭಾಗವು ಗೌರವಿಸುತ್ತದೆ. ಕಡತವನ್ನು ಹನ್ನೊಂದನೇ ದಿನದವರೆಗೆ ಕಟ್ಟಿಡಲಾಗುವುದು. ಗಾಳಿಯೂ ಅಲ್ಲಿಯವರೆಗೆ ಕಾಯತಕ್ಕದ್ದು.

4. ಅಷ್ಟರೊಳಗೆ ಮಗು ಹೋಗಿಬಿಟ್ಟರೆ ಯಾವ ಕೋಡ್ ಎಂದು ತಂದೆ ಶ್ರೀ ಗೋಕುಲ್ ಮಂಗಳವಾರ ಕೇಳಿರುತ್ತಾರೆ. ಅದಕ್ಕೆ ಕೋಡ್ ಲಭ್ಯವಿದ್ದು, ಯಾವುದೇ ಅನುಮತಿ ಬೇಕಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

5. ಬುಧವಾರ ಮಧ್ಯಾಹ್ನ ಗಾಳಿಯು ಶ್ವಾಸಕೋಶದಿಂದ ಸೋರಿ ಎದೆಗೂಡಿಗೆ ಬಂದು, ಶಿಶು ನೀಲಿಗಟ್ಟಿರುತ್ತದೆ. ಎರಡು ಜಾಗಕ್ಕೂ ಬೇರೆ ಬೇರೆ ಕೋಡ್ ಇರುವುದರಿಂದ, ಇನ್ನು ಮುಂದೆ ಗಾಳಿಯು ವಾಸಸ್ಥಳ ಬದಲಿಸುವುದಕ್ಕೆ ಮೂರು ಕೆಲಸದ ದಿನ ಮೊದಲು ತಿಳಿಸತಕ್ಕದ್ದು.

6. ಮಕ್ಕಳ ವೈದ್ಯೆ ಡಾ. ಲೈಬಾ ಅವರು ಕೂಡಲೇ ದೀಪ ಆರಿಸಿ, ಎದೆಗೆ ಟಾರ್ಚ್ ಹಿಡಿದು, ಗಾಳಿ ತುಂಬಿದ್ದ ಮಗ್ಗುಲು ಲಾಂದ್ರದಂತೆ ಬೆಳಗಿದ್ದನ್ನು ನೋಡಿ, ನಮ್ಮ ಅನುಮತಿಗೆ ಕಾಯದೆ ಸೂಜಿ ಹಾಕಿ ಗಾಳಿ ತೆಗೆದಿರುತ್ತಾರೆ. ಟಾರ್ಚ್ ಉಪಕರಣಗಳ ಪಟ್ಟಿಯಲ್ಲಿಲ್ಲ. ಆದ್ದರಿಂದ ಅವರಿಗೆ ಏನೂ ಕಂಡಿರುವುದಿಲ್ಲ.

7. ಹೊರತೆಗೆದ ಗಾಳಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ, ಎರಡು ಪ್ರತಿಗಳಲ್ಲಿ, ಹಾಜರುಪಡಿಸತಕ್ಕದ್ದು. ವಾರ್ಡಿನ ಗಾಳಿಯೊಂದಿಗೆ ಬೆರೆತುಹೋಗಿದ್ದಲ್ಲಿ ಯಾರ್ಯಾರು ಅದನ್ನು ಉಸಿರಾಡಿದರೆಂಬ ಪಟ್ಟಿ ಲಗತ್ತಿಸುವುದು.

8. ಹನ್ನೊಂದನೇ ದಿನಕ್ಕೆ ಕಾಯದೆ, ವಿಶೇಷ ಪ್ರಕರಣವೆಂದು, ಸೂಜಿ ಹಾಕಲು ಇಂದು, ಶುಕ್ರವಾರ, ಸಂತೋಷದಿಂದ ಅನುಮತಿ ನೀಡಲಾಗಿದೆ. ಹಾಕಿ ಆಯಿತೆಂಬುದು ದೃಢಪಡುವವರೆಗೆ ಶಿಶುವು ಕಡತದ ಪ್ರಕಾರ ಉಸಿರಾಟದ ತೊಂದರೆಯಲ್ಲಿಯೇ ಮುಂದುವರಿಯತಕ್ಕದ್ದು.

(ಸಹಿ/-)
ಅನಂತರಾಜು
ಉಪನಿರ್ದೇಶಕರು (ಒಳಗಾಳಿ)
ಮತ್ತು ಪ್ರಭಾರ (ಹೊರಗಾಳಿ)

ಪ್ರತಿಗಳು:
1. ಡಾ. ಲೈಬಾ: ಕಾದಿದ್ದರೆ ಆಗುತ್ತಿದ್ದ ನಷ್ಟವೇನು ಎಂಬುದಕ್ಕೆ ದಾಖಲೆ ಸಹಿತ ಉತ್ತರಿಸಲು.
2. ಶ್ರೀ ಸುಬ್ರಮಣಿ: ಕೋಡ್ ತಿದ್ದಲು. ತಿದ್ದುಪಡಿ ನಮೂನೆಗಳು ಮುಗಿದಿವೆ.
3. ಕಚೇರಿ ಪ್ರತಿ.
4. ಬೇಬಿ ಆಫ್ ನಂದಿತಾ: ತಾವು ನಿನ್ನೆಯಿಂದ ವಾರ್ಡಿನ ಸೂರು ಕಿತ್ತುಹೋಗುವಂತೆ ಅಳುತ್ತಿರುವುದಾಗಿ ವರದಿಯಾಗಿದೆ. ಇದು ಕಡತಕ್ಕೆ ವ್ಯತಿರಿಕ್ತವಾಗಿದ್ದು, ಕೂಡಲೇ ಸರಿಪಡಿಸಿಕೊಳ್ಳಲು.